ಖರ್ಚಿಲ್ಲದ ರಾತ್ರಿಶಾಲೆ: ನಿತ್ಯೋಪಯೋಗಿ ಜಾಲತಾಣಗಳು

ದೇಶ ಸುತ್ತು, ಇಲ್ಲವೇ ಕೋಶ ಓದು ಎಂದರು ನಮ್ಮ ಹಿರಿಯರು. ಮುಂಬಯಿಗೆ ಬಂದ ಕನ್ನಡಿಗರು ಎರಡನ್ನೂ ಮಾಡಿದವರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಹಗಲೆಲ್ಲ ಹೋಟೆಲುಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿದು, ಇರುಳಿನಲ್ಲಿ ಕನ್ನಡ ರಾತ್ರಿಶಾಲೆಗಳ ಬೆಂಚುಗಳ ಮೇಲೆ ಕುಳಿತು ಅಕ್ಷರ ಕಲಿತ ಒಂದು ತಲೆಮಾರೇ ನಮ್ಮ ಸಂಘಸಂಸ್ಥೆಗಳನ್ನು ಕಟ್ಟಿತು. ಇಂದು ಅಂಥದೇ ಶಾಲೆಯೊಂದು ನಮ್ಮ ಕೈಯಲ್ಲಿರುವ ಮೊಬೈಲಿನೊಳಗೆ ಹಗಲಿರುಳೂ ತೆರೆದಿದೆ. ಶುಲ್ಕವಿಲ್ಲ, ವಯಸ್ಸಿನ ಕಟ್ಟುಪಾಡಿಲ್ಲ. ಆದರೆ ಯಾವ ಬಾಗಿಲು ವಿದ್ಯೆಯದು, ಯಾವುದು ವಂಚನೆಯದು ಎಂಬುದನ್ನು ತಿಳಿಯದಿದ್ದರೆ ಆ ಶಾಲೆಯಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು.

ಪರೇಲಿನ ಪಾಠ

ಈ ಮಾತಿನ ಗಾಂಭೀರ್ಯವನ್ನು ಅರಿಯಬೇಕಾದರೆ ಪರೇಲಿಗೆ ಬರಬೇಕು. ಪ್ಲೇಗಿಗೆ ಲಸಿಕೆ ಕಂಡುಹಿಡಿದ ಡಾ. ಹಾಫ್‌ಕಿನ್ ಅವರ ಪ್ರಯೋಗಶಾಲೆ 1899ರಲ್ಲಿ ಇಲ್ಲಿನ ಹಳೆಯ ಸರಕಾರಿ ಭವನದಲ್ಲಿ ನೆಲೆಗೊಂಡಿತು. 1926ರಲ್ಲಿ ಕೆ.ಇ.ಎಂ. ಆಸ್ಪತ್ರೆ, 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದವು. ಗಿರಣಿಗಳ ಸದ್ದು ಅಡಗಿದರೂ ರೋಗಿಗಳ ಸಾಲು ಕರಗಿಲ್ಲ. ಊರಿನಿಂದ ಚಿಕಿತ್ಸೆಗಾಗಿ ಬರುವ ಬಂಧುಗಳಿಗೆ ಮೊದಲ ಆಸರೆ ಮುಂಬಯಿಯಲ್ಲಿರುವ ನಾವೇ. ‘ಅಣ್ಣಾ, ರಿಪೋರ್ಟಿನಲ್ಲಿ ಏನು ಬರೆದಿದೆ?’ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದವರೂ ನಾವೇ.

ಇಂತಹ ಸಂದರ್ಭದಲ್ಲಿ ವಾಟ್ಸ್ಆ್ಯಪಿನಲ್ಲಿ ಹರಿದುಬರುವ ‘ಕ್ಯಾನ್ಸರಿಗೆ ಮನೆಮದ್ದು’ಗಳನ್ನು ನಂಬಿ ಚಿಕಿತ್ಸೆಯನ್ನು ಮುಂದೂಡಿದರೆ, ಗುಣವಾಗಬಹುದಾಗಿದ್ದ ರೋಗವೂ ಕೈಮೀರಿ ಹೋಗಬಹುದು. ಟಾಟಾ ಆಸ್ಪತ್ರೆಗೆ ಬರುವವರು ಅದರ ಅಧಿಕೃತ ತಾಣವಾದ ‘ಟಿಎಂಸಿ ಡಾಟ್ ಗವ್ ಡಾಟ್ ಇನ್’ ಅನ್ನು ಮೊದಲೇ ನೋಡಿಕೊಂಡರೆ ಹೆಸರು ನೋಂದಾವಣೆಯ ಕ್ರಮ ತಿಳಿದು ಅಲೆದಾಟ ತಪ್ಪುತ್ತದೆ.

ರೋಗಗಳ ಹಾಗೂ ಪರೀಕ್ಷೆಗಳ ಅರ್ಥವನ್ನು ತಿಳಿಯಲು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1998ರಿಂದ ನಡೆಸುತ್ತಿರುವ ‘ಮೆಡ್‌ಲೈನ್‌ಪ್ಲಸ್’ ವಿಶ್ವಾಸಾರ್ಹವಾಗಿದೆ. ಅದರಲ್ಲಿ ಜಾಹೀರಾತುಗಳಿಲ್ಲ. ಕ್ರಿಯಾಟಿನಿನ್ ಎಂದರೇನು, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಏತಕ್ಕೆ ಎಂಬುದನ್ನೆಲ್ಲ ಸರಳ ಇಂಗ್ಲಿಷಿನಲ್ಲಿ ವಿವರಿಸಿದ್ದಾರೆ. ಕಾಲೇಜಿಗೆ ಹೋಗುವ ಮೊಮ್ಮಗಳು ಅದನ್ನು ಓದಿ ಅಜ್ಜನಿಗೆ ಕನ್ನಡದಲ್ಲಿ ಹೇಳಿದರೆ ಇಬ್ಬರಿಗೂ ಲಾಭ. ಕನ್ನಡದಲ್ಲಿಯೇ ಓದಬಯಸುವವರಿಗೆ ಭಾರತ ಸರಕಾರದ ‘ವಿಕಾಸ್‌ಪೀಡಿಯಾ’ದಲ್ಲಿ ಆರೋಗ್ಯ, ಕೃಷಿ, ಶಿಕ್ಷಣ ಮುಂತಾದ ವಿಷಯಗಳ ಮೇಲೆ ಬರಹಗಳಿವೆ.

ಔಷಧದ ವೆಚ್ಚ ಪ್ರತಿ ಮನೆಯ ಚಿಂತೆ. ‘ಜನೌಷಧಿ’ ತಾಣದಲ್ಲಿ ಔಷಧಗಳ ಮೂಲನಾಮ, ಬೆಲೆ ಹಾಗೂ ಸಮೀಪದ ಮಳಿಗೆಯ ವಿಳಾಸ ಸಿಗುತ್ತವೆ. ಹಲವು ಔಷಧಗಳ ಬೆಲೆ ಹೆಸರಾಂತ ಕಂಪೆನಿಗಳ ಮಾತ್ರೆಗಳ ಅರ್ಧ ಬೆಲೆಗಿಂತಲೂ ಕಡಿಮೆ. ಆದರೆ ವೈದ್ಯರನ್ನು ಕೇಳದೆ ಮಾತ್ರೆಯನ್ನು ಬದಲಿಸಲಾಗದು. ಮನಸ್ಸಿನ ಬೇಗೆಗೆ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಇದೆ; 14416ಕ್ಕೆ ಕರೆ ಮಾಡಿದರೆ ಖರ್ಚಿಲ್ಲದೆ, ಕನ್ನಡದಲ್ಲಿಯೂ, ಸಲಹೆ ಪಡೆಯಬಹುದು.

ನುಡಿಯ ಬೇರು

ಮನೆಯಲ್ಲಿ ಮಕ್ಕಳ ಕನ್ನಡ ಸೊರಗುತ್ತಿದೆ ಎಂಬ ಕೊರಗು ನಮ್ಮಲ್ಲಿ ಸಾಮಾನ್ಯ. ಮುಂಬಯಿಯಲ್ಲಿ ಕನ್ನಡ ಪುಸ್ತಕ ಬೇಕೆಂದಾಗ ಸಿಗುವುದೂ ಸುಲಭವಲ್ಲ. ಇದಕ್ಕೆ ಜಾಲತಾಣಗಳು ಪೂರ್ಣ ಪರಿಹಾರವಲ್ಲವಾದರೂ ಒಳ್ಳೆಯ ಊರೆಗೋಲುಗಳು. ವಿ. ಕೃಷ್ಣ ಎಂಬುವರು ದಶಕಗಳ ಕಾಲ ಒಬ್ಬರೇ ಶ್ರಮಿಸಿ ರಚಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿವೆ. ಶಬ್ದದ ಅರ್ಥ ತಿಳಿಯದೆ ಓದನ್ನು ಅರ್ಧಕ್ಕೆ ಬಿಡುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ?

2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯದಲ್ಲಿ ಇಂದು 30,000ಕ್ಕೂ ಹೆಚ್ಚು ಲೇಖನಗಳಿವೆ. 2016ರಿಂದ ತುಳು ವಿಕಿಪೀಡಿಯವೂ ಇದೆ. ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶ ಇದಾದುದರಿಂದ ಓದುವಾಗ ಆಧಾರಗಳನ್ನು ಗಮನಿಸಬೇಕು. ನಮ್ಮ ಊರಿನ ವಿಷಯ ತಿಳಿದಿದ್ದರೆ ನಾವೂ ಸೇರಿಸಬೇಕು. ಅಚ್ಚಿನಲ್ಲಿ ಇಲ್ಲದ ಹಳೆಯ ಕನ್ನಡ ಗ್ರಂಥಗಳು ‘ಇಂಟರ್ನೆಟ್ ಆರ್ಕೈವ್’ನಲ್ಲಿ ಪುಟಪುಟವೂ ಓದಲು ದೊರೆಯುತ್ತವೆ. ಚಿಕ್ಕ ಮಕ್ಕಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಚಿತ್ರಸಹಿತ ಕನ್ನಡ ಕಥೆಗಳಿವೆ. ಮಲಗುವ ಮುನ್ನ ದಿನಕ್ಕೊಂದು ಕಥೆಯನ್ನು ತಾಯಿ ಮಗುವಿಗೆ ಓದಿ ಹೇಳಿದರೆ ಸಾಕು, ಭಾಷೆ ತಾನಾಗಿ ಕೈಹಿಡಿಯುತ್ತದೆ.

ತರುಣರ ವಿದ್ಯೆ

ನಮ್ಮ ನಗರದ ಪೊವಾಯಿಯಲ್ಲಿರುವ ಐಐಟಿ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಯೋಜನೆಯನ್ನು ರೂಪಿಸಿದೆ. ಹತ್ತೇ ನಿಮಿಷಗಳ ಆಸುಪಾಸಿನ ಪಾಠಗಳಲ್ಲಿ ಉಚಿತ ತಂತ್ರಾಂಶಗಳ ಬಳಕೆಯನ್ನು ಕಲಿಸುವ ಈ ತಾಣದಲ್ಲಿ ಕನ್ನಡ ಧ್ವನಿಯ ಪಾಠಗಳೂ ಇವೆ. ಲೆಕ್ಕಪತ್ರ, ಟೈಪಿಂಗ್ ಕಲಿಯಬಯಸುವ ಗೃಹಿಣಿಯರಿಗೂ ಇದು ಉಪಯುಕ್ತ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ‘ಎನ್‌ಪಿಟೆಲ್’, ಹಾಗೂ 2017ರ ‘ಸ್ವಯಂ’ ತಾಣಗಳಲ್ಲಿ ಶ್ರೇಷ್ಠ ಪ್ರಾಧ್ಯಾಪಕರ ಉಪನ್ಯಾಸಗಳು ಉಚಿತ. ಪ್ರಮಾಣಪತ್ರ ಬೇಕೆಂದು ಪರೀಕ್ಷೆಗೆ ಕುಳಿತರೆ ಮಾತ್ರ ಶುಲ್ಕ. ಕೋಚಿಂಗ್ ತರಗತಿಗಳಿಗೆ ಸಾಲ ಮಾಡಿ ಹಣ ಕಟ್ಟುವ ಮುನ್ನ ಇವನ್ನು ಒಮ್ಮೆ ಪರಿಶೀಲಿಸುವುದು ವಿವೇಕ.

ಊರಿನ ಹೊಲಮನೆ

ಊರಿನಲ್ಲಿ ತುಂಡು ಭೂಮಿಯುಳ್ಳವರು ಕರ್ನಾಟಕ ಸರಕಾರದ ‘ಭೂಮಿ’ ತಾಣವನ್ನು ತಿಳಿದಿರಲೇಬೇಕು. ಜಿಲ್ಲೆ, ತಾಲೂಕು, ಗ್ರಾಮ, ಸರ್ವೆ ನಂಬರು ಕೊಟ್ಟರೆ ಪಹಣಿಯನ್ನು ಮುಂಬಯಿಯಲ್ಲಿ ಕುಳಿತೇ ನೋಡಬಹುದು. ನೋಡಲು ಹಣವಿಲ್ಲ, ದೃಢೀಕೃತ ಪ್ರತಿಗೆ ಮಾತ್ರ ಶುಲ್ಕ. ವರ್ಷಕ್ಕೆ ಎರಡು ಸಲವಾದರೂ ಖಾತೆದಾರರ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಂಡರೆ ಮುಂದೆ ಕೋರ್ಟು ಕಚೇರಿ ಅಲೆಯುವ ಕಷ್ಟ ತಪ್ಪೀತು.

ಎಚ್ಚರಿಕೆಯ ನಾಲ್ಕು ಮಾತು

ಮೊದಲನೆಯದಾಗಿ, ಸರಕಾರಿ ತಾಣದ ವಿಳಾಸವು ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಹೋಲುವ ನಕಲಿ ವಿಳಾಸಗಳಿಗೆ ಮರುಳಾಗಬಾರದು. ಎರಡನೆಯದಾಗಿ, ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಅದರ ಅಧಿಕೃತ ತಾಣದಿಂದಲೇ ಪಡೆಯಬೇಕು. ಸರದಿ ಕೊಡಿಸುತ್ತೇವೆಂದು ಮುಂಗಡ ಕೇಳುವ ಅಪರಿಚಿತರಿಗೆ ಹಣ ಕಳುಹಿಸಬಾರದು. ಮೂರನೆಯದಾಗಿ, ಬ್ಯಾಂಕಿನಿಂದ ಬರುವ ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ವಂಚನೆ ನಡೆದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ನಾಲ್ಕನೆಯದಾಗಿ, ಜಾಲತಾಣವು ವೈದ್ಯರ ಸ್ಥಾನವನ್ನು ತುಂಬಲಾರದು. ಓದಿ ಹುಟ್ಟಿದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಮುಂದಿಡುವುದೇ ಸರಿಯಾದ ಬಳಕೆ.

ಹಿಂದೆ ಅಕ್ಷರ ಬಲ್ಲವರು ಬಾರದವರಿಗೆ ಊರಿನ ಕಾಗದ ಓದಿ ಹೇಳುತ್ತಿದ್ದರು. ಇಂದು ಆ ಕರ್ತವ್ಯ ನಮ್ಮ ತರುಣ ತರುಣಿಯರದು. ತಿಂಗಳಿಗೊಂದು ಭಾನುವಾರ, ಒಂದು ಗಂಟೆ ಕಾಲ, ಸಂಘದ ಕಚೇರಿಯಲ್ಲಿ ಕುಳಿತು ಹಿರಿಯರಿಗೆ ಈ ತಾಣಗಳನ್ನು ತೆರೆದು ತೋರಿಸುವಂತಾದರೆ, ಹಳೆಯ ರಾತ್ರಿಶಾಲೆಯ ದೀಪ ನಂದಲಿಲ್ಲವೆಂದು ನಾವು ಹೆಮ್ಮೆಯಿಂದ ಹೇಳಬಹುದು.