ಕಣ್ಣು ಬಿಟ್ಟ ಮಾತ್ರಕ್ಕೆ ಎಚ್ಚರವಲ್ಲ: ತಲೆಗೆ ತೀವ್ರ ಪೆಟ್ಟು ಬಿದ್ದವರ ಚೇತರಿಕೆ ಮತ್ತು ಮನೆಯವರ ಕನ್ನಡ

ಅಲ್ ಮುಂತಜಾ, ದೋಹಾ

ಈ ಪುಟದಲ್ಲಿ ಸಾಮಾನ್ಯವಾಗಿ ರಾಜ್ಯೋತ್ಸವ, ಕ್ರಿಕೆಟ್ ಪಂದ್ಯಾವಳಿ, ರಕ್ತದಾನ ಶಿಬಿರಗಳ ಸುದ್ದಿ ಓದುತ್ತೀರಿ. ಈ ಬಾರಿ ಸ್ವಲ್ಪ ಭಾರವಾದ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ನನ್ನ ಅಕ್ಕನ ಗಂಡ ಕೆಲಸ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಅಪಘಾತವಾಗಿ, ತಲೆಗೆ ತೀವ್ರ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಆಗ ವೈದ್ಯರನ್ನು ಕೇಳಿ, ರಾತ್ರಿ ಕುಳಿತು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಇಂಥ ಕಷ್ಟ ಯಾರ ಮನೆಗೂ ಬಾರದಿರಲಿ. ಆದರೆ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಅವರು 2002ರಲ್ಲಿ ಬರೆದ ಪ್ರಕಾರ ಭಾರತದಲ್ಲಿ ಮಿದುಳಿಗೆ ಆಗುವ ಪೆಟ್ಟುಗಳಲ್ಲಿ ಸುಮಾರು ಶೇ. 60 ರಸ್ತೆ ಅಪಘಾತಗಳಿಂದ ಆಗುವಂಥವು. ದಿನವೂ ಸಿ ರಿಂಗ್ ರಸ್ತೆಯಲ್ಲಿ ಓಡಾಡುವ ನಮಗೆ ಇದು ದೂರದ ಮಾತಲ್ಲ.

ಮೊದಲ ದಿನ ವೈದ್ಯರ ಬಾಯಲ್ಲಿ ಕೇಳುವುದು ಒಂದು ಅಂಕಿ: 'ಜಿಸಿಎಸ್ ಆರು', 'ಜಿಸಿಎಸ್ ಏಳು' ಎನ್ನುತ್ತಾರೆ. ಇದು ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ನರಶಸ್ತ್ರ ವೈದ್ಯರು ಇದನ್ನು ರೂಪಿಸಿದರು. (ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಆ ಹೆಸರಿನಲ್ಲಿ ಆರಂಭವಾದದ್ದು ಅದೇ 1974ರಲ್ಲಿ.) ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಏನೂ ಪ್ರತಿಕ್ರಿಯೆ ಇಲ್ಲದಿದ್ದರೂ ಒಂದೊಂದು ಅಂಕ ಇದ್ದೇ ಇರುವುದರಿಂದ ಕನಿಷ್ಠ 3. ಎಂಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ 'ತೀವ್ರ' ಪೆಟ್ಟು. ಉಸಿರಾಟದ ಕೊಳವೆ ಹಾಕಿದ್ದರೆ ಮಾತಿನ ಅಂಕ ಅಳೆಯಲಾಗದು, ಆಗ ಅಂಕಿಯ ಪಕ್ಕದಲ್ಲಿ 'ಟಿ' ಎಂದು ಬರೆಯುತ್ತಾರೆ. ಊರಿನಿಂದ ಫೋನ್ ಮಾಡುವವರು 'ಇವತ್ತು ಎಷ್ಟು?' ಎಂದು ಕ್ರಿಕೆಟ್ ಸ್ಕೋರಿನಂತೆ ಕೇಳುತ್ತಾರೆ. ಒಟ್ಟು ಅಂಕಿಗಿಂತ, ಮೂರರಲ್ಲಿ ಯಾವುದು ಏರಿತು ಎಂದು ಕೇಳಿ ತಿಳಿದುಕೊಳ್ಳುವುದು ಹೆಚ್ಚು ಉಪಯುಕ್ತ.

ಮೊದಲ ವಾರದ ಯುದ್ಧ ಊತದ ವಿರುದ್ಧ. ತಲೆಬುರುಡೆ ಗಟ್ಟಿ ಡಬ್ಬಿಯಿದ್ದಂತೆ. ಒಳಗೆ ಮಿದುಳು ಊದಿಕೊಂಡರೆ ಹೋಗಲು ಜಾಗವಿಲ್ಲ. ಪೆಟ್ಟಾದ ಮರುದಿನದಿಂದ ನಾಲ್ಕೈದು ದಿನಗಳವರೆಗೆ ಊತ ಏರುವುದು ಸಾಮಾನ್ಯ. ಅದಕ್ಕಾಗಿಯೇ ಔಷಧಿ ಕೊಟ್ಟು ನಿದ್ದೆಯಲ್ಲಿಡುತ್ತಾರೆ, ವೆಂಟಿಲೇಟರಿನಲ್ಲಿ ಉಸಿರಾಡಿಸುತ್ತಾರೆ, ಬೇಕಾದರೆ ತಲೆಬುರುಡೆಯ ಒಂದು ಭಾಗವನ್ನೇ ತೆಗೆದು ತಿಂಗಳುಗಳ ನಂತರ ಮತ್ತೆ ಜೋಡಿಸುತ್ತಾರೆ. ನಮ್ಮ ಭಾವನವರ ತಲೆಯಿಂದ ಮೂಳೆ ತೆಗೆದಿದ್ದಾರೆಂದು ಕೇಳಿ ನಮ್ಮ ಅಮ್ಮ ಎರಡು ದಿನ ಊಟ ಬಿಟ್ಟಿದ್ದರು. ಇದೇ ಸಮಯದಲ್ಲಿ ಬಂಧುಗಳಿಂದ ಸಲಹೆಗಳ ಸುರಿಮಳೆ. 'ಸ್ಟೀರಾಯ್ಡ್ ಕೊಡಿಸಿ, ಊತ ಇಳಿಯುತ್ತೆ' ಎಂಬುದು ಅದರಲ್ಲಿ ಮುಖ್ಯವಾದದ್ದು. ಒಂದು ಕಾಲದಲ್ಲಿ ಎಷ್ಟೋ ಕಡೆ ಕೊಡುತ್ತಲೂ ಇದ್ದರು. ಆದರೆ 'ಕ್ರ್ಯಾಶ್' ಎಂಬ ಹೆಸರಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2004ರಲ್ಲಿ ಹೊರಬಂದಾಗ, ಸ್ಟೀರಾಯ್ಡ್ ಪಡೆದವರಲ್ಲೇ ಸಾವು ಹೆಚ್ಚು ಎಂದು ತಿಳಿಯಿತು. ಆದ್ದರಿಂದ ಐಸಿಯು ವೈದ್ಯರು ಬೇಡವೆಂದರೆ ಅದರ ಹಿಂದೆ ಕಾರಣವಿದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿನಿಮಾದಲ್ಲಿ ನಾಯಕ ಕೋಮಾದಿಂದ ಏಳುವುದು ಹೇಗೆಂದು ನಮಗೆಲ್ಲ ಗೊತ್ತು: ಬೆರಳು ಅಲುಗುತ್ತದೆ, ಕಣ್ಣು ಬಿಡುತ್ತಾನೆ, 'ಅಮ್ಮಾ' ಎನ್ನುತ್ತಾನೆ. ನಿಜದಲ್ಲಿ ಹಾಗಲ್ಲ. ಕೋಮಾ ಸಾಮಾನ್ಯವಾಗಿ ಕೆಲವು ವಾರಗಳಿಗಿಂತ ಹೆಚ್ಚು ಉಳಿಯುವುದಿಲ್ಲ. ಬದುಕುಳಿದವರು ಕಣ್ಣು ಬಿಡುತ್ತಾರೆ, ನಿದ್ದೆ ಎಚ್ಚರಗಳ ಚಕ್ರ ಶುರುವಾಗುತ್ತದೆ, ಆದರೆ ನೋಟದಲ್ಲಿ ಯಾರೂ ಇರುವುದಿಲ್ಲ. ಇದು ಪ್ರತಿಕ್ರಿಯೆಯಿಲ್ಲದ ಎಚ್ಚರದ ಸ್ಥಿತಿ. ಆ ನಂತರದ್ದು 'ಕನಿಷ್ಠ ಪ್ರಜ್ಞೆ'ಯ ಸ್ಥಿತಿ. 2002ರಲ್ಲಿ ಅದಕ್ಕೊಂದು ವ್ಯಾಖ್ಯೆ ಕೊಟ್ಟರು: ಹೇಳಿದ ಮಾತನ್ನು ಒಮ್ಮೆ ಪಾಲಿಸುತ್ತಾರೆ, ಇನ್ನೊಮ್ಮೆ ಇಲ್ಲ, ಮುಖವನ್ನು ಕಣ್ಣಿನಿಂದ ಹಿಂಬಾಲಿಸುತ್ತಾರೆ, ಮತ್ತೆ ಮರೆಯಾಗುತ್ತಾರೆ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಇದು ಸರ್ವರ್ ರೀಸ್ಟಾರ್ಟ್ ಆಗುವ ಹಾಗಲ್ಲ. ಸಿಗ್ನಲ್ ಸರಿಯಿಲ್ಲದ ಊರಿನಲ್ಲಿ ಫೋನಿಗೆ ಒಂದು ಕಡ್ಡಿ ಬಂದು ಹೋಗುವ ಹಾಗೆ.

ಆ ಒಂದು ಕಡ್ಡಿ ಬಂದಾಗ ಗುರುತಿಸುವವರು ಯಾರು? ಇಲ್ಲಿ ಭಾಷೆಯ ಪ್ರಶ್ನೆ ಏಳುತ್ತದೆ. ಮೇಲೆ ಹೇಳಿದ ಅಂಕಗಳನ್ನೇ ನೋಡಿ. ಚಲನೆಯಲ್ಲಿ 6 ಸಿಗಬೇಕಾದರೆ ರೋಗಿ 'ಹೇಳಿದಂತೆ' ಮಾಡಬೇಕು. ಮಾತಿನಲ್ಲಿ 5 ಸಿಗಬೇಕಾದರೆ ತಾನೆಲ್ಲಿದ್ದೇನೆ, ಇದು ಯಾವ ತಿಂಗಳು ಎಂದು ಸರಿಯಾಗಿ ಹೇಳಬೇಕು. ಕೇಳಿದ ಭಾಷೆ ಅರ್ಥವಾಗದಿದ್ದರೆ ಈ ಅಂಕಗಳು ಸಿಗುವುದಾದರೂ ಹೇಗೆ? ಗಲ್ಫಿನ ಆಸ್ಪತ್ರೆಗಳಲ್ಲಿ ದಾದಿಯರು ಫಿಲಿಪೈನ್ಸಿನವರು, ಕೇರಳದವರು, ವೈದ್ಯರು ಅರಬ್ ದೇಶಗಳವರು. ಅವರ ನಡುವಿನ ಭಾಷೆ ಇಂಗ್ಲಿಷ್. ಆಫೀಸಿನಲ್ಲಿ ಸರಾಗವಾಗಿ ಇಂಗ್ಲಿಷ್ ಮಾತಾಡುತ್ತಿದ್ದವರಿಗೂ ಪೆಟ್ಟು ಬಿದ್ದ ಮಿದುಳಿನಲ್ಲಿ ಅದು ಕೂಡಲೇ ಸಿಗಬೇಕೆಂದಿಲ್ಲ. ರಾಯಚೂರಿನಿಂದ ಬಂದ ಕಟ್ಟಡ ಕಾರ್ಮಿಕರ ಮಾತಂತೂ ಹೇಳಬೇಕಾಗಿಯೇ ಇಲ್ಲ. ಬಹುಭಾಷಿಗಳಿಗೆ ಯಾವ ಭಾಷೆ ಮೊದಲು ಮರಳುತ್ತದೆ ಎಂಬ ಚರ್ಚೆ ಹಳೆಯದು. ಮೊದಲು ಕಲಿತದ್ದು ಎಂದು ಫ್ರಾನ್ಸಿನ ರಿಬೋ, ಪೆಟ್ಟಿಗೆ ಮುಂಚೆ ಹೆಚ್ಚು ಬಳಸುತ್ತಿದ್ದದ್ದು ಎಂದು ಪಿತ್ರ್ 19ನೇ ಶತಮಾನದಲ್ಲೇ ವಾದಿಸಿದ್ದರು. ಎರಡೂ ಎಲ್ಲರಿಗೂ ಅನ್ವಯಿಸುವುದಿಲ್ಲ. ಆದ್ದರಿಂದ ರೋಗಿಗೆ ಗೊತ್ತಿರುವ ಎಲ್ಲ ಭಾಷೆಗಳಲ್ಲೂ ಮಾತಾಡಿಸಿ ನೋಡಬೇಕು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವವರು ಅದರಲ್ಲೇ.

ನಮ್ಮ ಮನೆಯಲ್ಲಿ ಆದದ್ದು ಇದು. ಐದನೇ ವಾರ. 'ಸ್ಕ್ವೀಝ್ ಮೈ ಹ್ಯಾಂಡ್' ಎಂದು ಸಿಸ್ಟರ್ ಬಹಳ ಪ್ರೀತಿಯಿಂದ ದಿನವೂ ಹೇಳುತ್ತಿದ್ದರು, ಕೈ ಅಲುಗುತ್ತಿರಲಿಲ್ಲ. ಒಂದು ಸಂಜೆ ಅಕ್ಕ ಬಲಗೈ ಹಿಡಿದು 'ರೀ, ನನ್ನ ಕೈ ಗಟ್ಟಿಯಾಗಿ ಹಿಡ್ಕೊಳ್ಳಿ' ಎಂದಳು. ಹಿಡಿದರು. 'ಬಿಡಿ' ಎಂದಾಗ ಬಿಟ್ಟರು. ಹಿಡಿಯುವುದು ಮಿದುಳಿನ ಅನೈಚ್ಛಿಕ ಕ್ರಿಯೆಯೂ ಆಗಿರಬಹುದು, ಎಳೆಮಗು ಬೆರಳು ಹಿಡಿದ ಹಾಗೆ. ಹೇಳಿದಾಗ ಬಿಡುವುದು ಹಾಗಲ್ಲ ಎಂದು ವೈದ್ಯರು ವಿವರಿಸಿದರು. ಮಾರನೆಯ ದಿನ ಬೆಳಿಗ್ಗೆ ಅವರೇ ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕನ್ನಡದಲ್ಲಿ ಮತ್ತೆ ಪರೀಕ್ಷಿಸಿ ಫೈಲಿನಲ್ಲಿ ಬರೆದುಕೊಂಡರು. ನೀವು ಕೂಡ ಕಂಡದ್ದನ್ನು ಹೀಗೇ ತಿಳಿಸಿ: ಎಷ್ಟು ಗಂಟೆಗೆ, ಯಾವ ಮಾತಿಗೆ, ಏನು ಮಾಡಿದರು, ಎಷ್ಟು ಸಲ. 'ನಮ್ಮನ್ನು ಗುರುತಿಸಿದರು ಡಾಕ್ಟ್ರೇ' ಎಂದಷ್ಟೇ ಹೇಳಿದರೆ ಅವರಿಗೆ ಪ್ರಯೋಜನವಿಲ್ಲ.

ನಾವು ಒಂದು ಪದಗಳ ಹಾಳೆಯನ್ನೂ ಮಾಡಿದೆವು. ಕಣ್ಣು ಬಿಡಿ, ಕೈ ಎತ್ತಿ, ನಾಲಿಗೆ ತೋರಿಸಿ, ನೋವು ಇದೆಯಾ, ನೀರು ಬೇಕಾ. ಇವುಗಳ ಉಚ್ಚಾರಣೆ ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಅರ್ಥ. ಮಂಚದ ತಲೆಯ ಬದಿ ಅಂಟಿಸಲು ಅನುಮತಿ ಕೊಟ್ಟರು. ಮಲಯಾಳಿ ಸಿಸ್ಟರಿಗೆ ಕಷ್ಟವಾಗಲಿಲ್ಲ, 'ನೋವು' ಅವರಿಗೂ ನೋವೇ. ಮನಿಲಾದ ಸಿಸ್ಟರ್ 'ನಾಲಿಗೆ' ಎನ್ನಲು ಹೆಣಗಾಡುವುದನ್ನು ನೋಡಿ ಅಷ್ಟು ದಿನಗಳಲ್ಲಿ ಮೊದಲ ಬಾರಿ ನಾವು ನಕ್ಕೆವು.

ಪರಿಚಿತ ದನಿಗೆ ನಿಜವಾಗಿಯೂ ಶಕ್ತಿಯಿದೆಯೇ, ಇಲ್ಲ ಮನಸ್ಸಮಾಧಾನವೇ? 2015ರಲ್ಲಿ ಅಮೆರಿಕದ ತೆರೇಸಾ ಪೇಪ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯವರು ತಮ್ಮ ದನಿಯಲ್ಲೇ ಹೇಳಿದ ಕುಟುಂಬದ ಕಥೆಗಳನ್ನು ದಿನಕ್ಕೆ ನಾಲ್ಕು ಬಾರಿ, ಆರು ವಾರಗಳ ಕಾಲ ಕೇಳಿಸಲಾಗಿತ್ತು. ಬರೀ ಮೌನ ಕೇಳಿದವರಿಗಿಂತ ಅವರ ಪ್ರತಿಕ್ರಿಯೆ ಉತ್ತಮವಾಗಿತ್ತು. ಇದ್ದದ್ದು 15 ಮಂದಿ ಮಾತ್ರ, ಹಾಗಾಗಿ ಹೆಚ್ಚು ಹೇಳಲಾಗದು. ಆದರೆ 2024ರಲ್ಲಿ ಬಂದ ಇನ್ನೊಂದು ಅಧ್ಯಯನ ನನ್ನನ್ನು ಅಲುಗಾಡಿಸಿಬಿಟ್ಟಿತು. ಮಾತಿಗೆ ಯಾವ ಪ್ರತಿಕ್ರಿಯೆಯನ್ನೂ ತೋರದ 241 ಮಂದಿಗೆ, ಮಿದುಳಿನ ಸ್ಕ್ಯಾನ್ ಅಥವಾ ಇಇಜಿ ಮಾಡುತ್ತಾ ಒಂದು ಕೆಲಸವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲು ಹೇಳಿದಾಗ, 60 ಮಂದಿಯ ಮಿದುಳು ಸ್ಪಂದಿಸಿತ್ತು. ನಾಲ್ವರಲ್ಲಿ ಒಬ್ಬರು. ಹಾಸಿಗೆಯ ಪಕ್ಕದಲ್ಲಿ ನಿಂತು 'ಇವರ ಕಥೆ ಮುಗೀತು' ಎಂದು ಪಿಸುಗುಟ್ಟುವವರು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು.

ಭಯದಿಂದ ಹಲವರು ಅರುಣಾ ಶಾನಭಾಗರ ಹೆಸರೆತ್ತುತ್ತಾರೆ. ಉತ್ತರ ಕನ್ನಡದ ಹಳದಿಪುರದ ಆ ನರ್ಸ್ 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಮುಂಬಯಿಯ ಕೆಇಎಂ ಆಸ್ಪತ್ರೆಯ ಸಹೋದ್ಯೋಗಿಗಳ ಆರೈಕೆಯಲ್ಲೇ ಇದ್ದರು. ಅವರದು ಕುತ್ತಿಗೆ ಬಿಗಿದು ಮಿದುಳಿಗೆ ಆಮ್ಲಜನಕ ತಪ್ಪಿದ ಪ್ರಕರಣ. ಅಪಘಾತದ ಪೆಟ್ಟಿನಲ್ಲಿ ಚೇತರಿಕೆಯ ಸಾಧ್ಯತೆ ಅದಕ್ಕಿಂತ ಹೆಚ್ಚು, ಕಿಟಕಿಯೂ ಹೆಚ್ಚು ಕಾಲ ತೆರೆದಿರುತ್ತದೆ. ಪೆಟ್ಟಾಗಿ ಒಂದು ವರ್ಷ ಕಳೆದರೆ 'ಶಾಶ್ವತ' ಎಂದು ಹಿಂದೆ ಹೇಳುತ್ತಿದ್ದರು. 2018ರಲ್ಲಿ ಅಮೆರಿಕದ ನರವೈದ್ಯರ ಮಾರ್ಗಸೂಚಿ ಆ ಪದವನ್ನೇ ಕೈಬಿಟ್ಟು 'ದೀರ್ಘಕಾಲದ' ಎಂದು ಬದಲಿಸಿತು. ಅದರರ್ಥ ಎಲ್ಲರೂ ಎದ್ದು ನಡೆಯುತ್ತಾರೆಂದಲ್ಲ. ಅನೇಕರು ಎದ್ದೇಳುವುದಿಲ್ಲ, ಎದ್ದವರೂ ಮೊದಲಿನವರಾಗಿರುವುದಿಲ್ಲ. ಇದನ್ನು ಮರೆಮಾಚಿ ಬರೆಯಲು ನನಗೆ ಮನಸ್ಸಿಲ್ಲ.

ಇನ್ನೊಂದು ಹಂತದ ಬಗ್ಗೆ ಎಚ್ಚರಿಸಲೇಬೇಕು, ಏಕೆಂದರೆ ಇದು ಮನೆಯವರನ್ನು ಹೆಚ್ಚು ನೋಯಿಸುತ್ತದೆ. ಪ್ರಜ್ಞೆ ಬಂದ ಮೇಲೆ ಗೊಂದಲ ಮತ್ತು ಸಿಟ್ಟಿನ ಕಾಲವೊಂದು ಬರಬಹುದು. ಕ್ಯಾಲಿಫೋರ್ನಿಯಾದ ರಾಂಚೋ ಲಾಸ್ ಅಮಿಗೋಸ್ ಆಸ್ಪತ್ರೆಯ ಹಂತಗಳ ಪಟ್ಟಿಯಲ್ಲಿ ಇದು ನಾಲ್ಕನೆಯದು. ಕೊಳವೆ ಕಿತ್ತುಹಾಕುತ್ತಾರೆ, ಬೈಯುತ್ತಾರೆ, ಹೊಡೆಯಲು ಬರುತ್ತಾರೆ. ಒಂದು ಏರುಮಾತು ಆಡದ ನಮ್ಮ ಭಾವ ಅಕ್ಕನನ್ನು ಕೇಳಬಾರದ ಮಾತಿನಲ್ಲಿ ಬೈದರು. ಬೈಗುಳ ಕನ್ನಡದಲ್ಲಿತ್ತು, ವಾರ್ಡಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ ಎಂಬುದೊಂದೇ ಸಮಾಧಾನ. ಇದು ಮಿದುಳು ಮೇಲೇರುತ್ತಿರುವ ಲಕ್ಷಣ, ಮನಸ್ಸಿನ ಒಳಗಿದ್ದದ್ದು ಹೊರಬಂದದ್ದಲ್ಲ. ಈ ಕಾಲದ ನೆನಪು ಅವರಿಗೆ ಉಳಿಯುವುದೂ ಇಲ್ಲ. 'ಇದು ಯಾವ ಊರು?' ಎಂದರೆ 'ಸಾಗರ' ಎನ್ನುತ್ತಿದ್ದರು. ವಾದ ಮಾಡದೆ, ಗೋಡೆಯ ಕ್ಯಾಲೆಂಡರ್ ತೋರಿಸಿ 'ದೋಹಾದಲ್ಲಿದ್ದೀರಿ, ಪೆಟ್ಟಾಗಿತ್ತು, ವಾಸಿಯಾಗ್ತಿದೆ' ಎಂದು ಅಷ್ಟೇ ಹೇಳುವುದು ಒಳ್ಳೆಯದು.

ಈ ಹಂತದಲ್ಲಿ ನಮ್ಮ ಸಂಘದವರಲ್ಲಿ ಒಂದು ವಿನಂತಿ. ನಾವು ಕನ್ನಡಿಗರು ಕಷ್ಟಕ್ಕೆ ಓಡಿಬರುವವರು, ನಿಜ. ಆದರೆ ಶುಕ್ರವಾರ ಸಂಜೆ ಹದಿನೈದು ಜನ ಒಟ್ಟಿಗೆ ಬಂದು, ಒಬ್ಬೊಬ್ಬರೂ 'ನಾನ್ಯಾರು ಹೇಳಿ ನೋಡೋಣ?' ಎಂದು ಕೇಳುವುದು ದಣಿದ ಮಿದುಳಿಗೆ ಹಿಂಸೆ. ಒಬ್ಬರು ಒಳಗೆ ಹೋಗಿ, ಹೆಸರು ಹೇಳಿಕೊಂಡು, ಹತ್ತು ನಿಮಿಷ ನಿಧಾನವಾಗಿ ಮಾತಾಡಿ. ಉಳಿದವರು ಮನೆಯವರಿಗೆ ಸಾರು ಅನ್ನ ಕಳಿಸಿ, ಮಕ್ಕಳನ್ನು ಶಾಲೆಗೆ ಬಿಡಿ.

ಕೆಲಸ ಮತ್ತು ಸಂಬಳದ ವಿಚಾರ ಸಂಕ್ಷಿಪ್ತವಾಗಿ. ಕತಾರಿನ 2004ರ 14ನೇ ಕಾರ್ಮಿಕ ಕಾನೂನಿನಡಿ ಬರುವವರಿಗೆ ಸಾಮಾನ್ಯ ಅನಾರೋಗ್ಯ ರಜೆ ಎರಡು ವಾರ ಪೂರ್ತಿ ಸಂಬಳ, ಮುಂದಿನ ನಾಲ್ಕು ವಾರ ಅರ್ಧ ಸಂಬಳ. ಆದರೆ ಕೆಲಸದಲ್ಲಾದ ಪೆಟ್ಟಾದರೆ ಚಿಕಿತ್ಸೆಯ ಕಾಲಕ್ಕೆ, ಆರು ತಿಂಗಳವರೆಗೆ, ಪೂರ್ತಿ ಸಂಬಳ, ಆಮೇಲೆ ಅರ್ಧ. ಕೆಲಸಕ್ಕೆ ಹೋಗಿಬರುವ ನೇರ ದಾರಿಯಲ್ಲಾದ ಅಪಘಾತವೂ ಕೆಲಸದ ಪೆಟ್ಟೇ ಎಂದು ಕಾನೂನು ಹೇಳುತ್ತದೆ. ಇದು ಬಹಳ ಜನಕ್ಕೆ ತಿಳಿದಿಲ್ಲ. ಪೊಲೀಸ್ ವರದಿಯನ್ನು ಜೋಪಾನವಾಗಿಡಿ.

ಊರಿಗೆ ಕರೆದೊಯ್ಯಲು ಅವಸರ ಮಾಡಬೇಡಿ. ವಿಮಾನದೊಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ತಲೆಬುರುಡೆಯೊಳಗೆ ಗಾಳಿ ಉಳಿದಿದ್ದರೆ ಅದು ಸುಮಾರು ಮೂರನೇ ಒಂದರಷ್ಟು ಹಿಗ್ಗುತ್ತದೆ. ಸ್ಕ್ಯಾನ್ ನೋಡಿ ವೈದ್ಯರು ಒಪ್ಪಬೇಕು, ವಿಮಾನ ಕಂಪನಿಯ ಮೆಡಿಫ್ ಫಾರಂ ತುಂಬಬೇಕು, ಸ್ಟ್ರೆಚರ್ ಆದರೆ ಹಲವು ಸೀಟುಗಳ ದರ. ರಾಯಭಾರ ಕಚೇರಿಯ ಆಶ್ರಯದ ಐಸಿಬಿಎಫ್ ಇಂಥ ವಿಷಯದಲ್ಲಿ ನೆರವಿಗೆ ಬರುತ್ತದೆ. ಹಮದ್ ಸಂಸ್ಥೆಯ ಕತಾರ್ ರಿಹ್ಯಾಬಿಲಿಟೇಶನ್ ಇನ್‌ಸ್ಟಿಟ್ಯೂಟ್ ಇಲ್ಲಿಯೇ ಇರುವುದರಿಂದ ಪುನಶ್ಚೇತನದ ಮೊದಲ ಭಾಗವನ್ನು ದೋಹಾದಲ್ಲೇ ಮುಗಿಸುವ ಸಾಧ್ಯತೆಯನ್ನೂ ವಿಚಾರಿಸಿ.

ಆದರೆ ಮಾತಿನ ಚಿಕಿತ್ಸೆಗೆ ಮಾತ್ರ ಊರೇ ಮೇಲು ಎಂಬುದು ನನ್ನ ಅಭಿಪ್ರಾಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಪೆಟ್ಟಿನಿಂದ ಮಾತು ಕಳೆದುಕೊಂಡವರಿಗೆ ಕನ್ನಡದಲ್ಲೇ ಪರೀಕ್ಷೆಗಳನ್ನು ರೂಪಿಸಿದ್ದಾರೆ. ಮಾತು ತಡವರಿಸುವವರಿಗೂ ಬಾಯಿಪಾಠವಾಗಿದ್ದದ್ದು ಬೇಗ ಬರುತ್ತದೆ: ವಾರಗಳ ಹೆಸರು, ಮಗ್ಗಿ, ಗಾದೆಯ ಉಳಿದರ್ಧ. 'ಕೈ ಕೆಸರಾದರೆ' ಎಂದು ನಿಲ್ಲಿಸಿದರೆ 'ಬಾಯಿ ಮೊಸರು' ತಾನಾಗಿ ಹೊರಡುತ್ತದೆ. ನೀರು ಕೇಳಲು ಪದ ಸಿಗದ ದಿನಗಳಲ್ಲೇ ಭಾವ ಎರಡರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದ್ದರು. ಇಂಗ್ಲಿಷ್ ಗಾದೆ ಕೊಟ್ಟಿದ್ದರೆ ಅದು ಆಗುತ್ತಿರಲಿಲ್ಲ.

ನಾವು ಮಾಡಿದ ಪದಗಳ ಹಾಳೆ ಎರಡು ಪುಟವಿದೆ. ಬೇಕಾದವರು ಸಂಘದ ಕಾರ್ಯದರ್ಶಿಗಳನ್ನು ಕೇಳಿ ಪಡೆಯಬಹುದು. ತುಳು ಮತ್ತು ಬ್ಯಾರಿ ಭಾಷೆಯಲ್ಲಿ ಇದನ್ನು ಮಾಡಿಕೊಡಬಲ್ಲವರು ಇದ್ದರೆ ದಯವಿಟ್ಟು ಅವರಿಗೇ ತಿಳಿಸಿ.