ಮನೋವೈದ್ಯರು ಯಾರು, ಮನಶ್ಶಾಸ್ತ್ರಜ್ಞರು ಯಾರು?

ಪ್ರಶ್ನೆ: ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಆಪ್ತಸಮಾಲೋಚಕರು ಎಲ್ಲರೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ, ಆಮೇಲೆ ಸಾಮಾನ್ಯವಾಗಿ 3 ವರ್ಷದ ಎಂಡಿ ಮಾಡಿದವರು. ಔಷಧಿ ಬರೆಯುವವರು ಅವರೇ. ಮನಸ್ಸಿಗೆ ಕವಿದ ಮಂಕಿನ ಹಿಂದೆ ಥೈರಾಯ್ಡ್ ತೊಂದರೆ ಇದೆಯೇ ಎಂದೂ ನೋಡುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಸ್ನಾತಕೋತ್ತರ ಪದವಿಯ ನಂತರ ಆಸ್ಪತ್ರೆಯಲ್ಲಿ ತರಬೇತಿ ಪಡೆದು (ನಿಮ್ಹಾನ್ಸ್‌ನ 2 ವರ್ಷದ ಎಂಫಿಲ್ ಇದಕ್ಕೆ ಹೆಸರಾದದ್ದು) ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರುತ್ತಾರೆ. ಮಾತ್ರೆ ಕೊಡುವುದಿಲ್ಲ, ಮನೋಪರೀಕ್ಷೆ, ಮಾತಿನ ಚಿಕಿತ್ಸೆ ಅವರ ದಾರಿ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮನೆಮಂದಿಯನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. ಆಪ್ತಸಮಾಲೋಚಕರ ತರಬೇತಿ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಏನು ಓದಿದ್ದೀರಿ ಎಂದು ಸಂಕೋಚಪಡದೆ ಕೇಳಿ. ಯಾರ ಬಳಿ ಹೋಗಬೇಕೆಂದೇ ತಿಳಿಯದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.