ಡಿಪಿಎಫ್ ಕಟ್ಟಿಕೊಂಡಿದೆಯೇ? ಮಸಿಯೋ ಬೂದಿಯೋ ಮೊದಲು ನೋಡಿ

ಮೇಲುಕೋಟೆಯ ಓದುಗರೊಬ್ಬರ ಪ್ರಶ್ನೆ ಇದು. 2020ರ ಡೀಸೆಲ್ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದಾರೆ. ಓಡಾಟವೆಲ್ಲ ಜಕ್ಕನಹಳ್ಳಿ, ಪಾಂಡವಪುರದ ಆಸುಪಾಸು. ಈಗ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್) ದೀಪ ಹತ್ತಿದೆ, ಬೆಟ್ಟ ಏರುವಾಗ ಗಾಡಿ ಎಳೆಯುತ್ತಿಲ್ಲ. ಫಿಲ್ಟರ್ ಕಿತ್ತು ಖಾಲಿ ಪೈಪ್ ಹಾಕಿಸಿ ಎಂದು ಯಾರೋ ಸಲಹೆ ಕೊಟ್ಟಿದ್ದಾರಂತೆ. ದಯವಿಟ್ಟು ಬೇಡ.

2020ರ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ನಿಯಮ ಬಂದಾಗ ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಕಣಗಳ ತೂಕದ ಮಿತಿ 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಯಿತು. ಕಣಗಳ ಎಣಿಕೆಗೂ ಮಿತಿ ಬಂತು. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಫಿಲ್ಟರ್ ಇಲ್ಲದೆ ಇದು ಆಗದ ಮಾತು.

ಈ ಫಿಲ್ಟರಿನ ಹುಟ್ಟು ನನಗೆ ಬಹಳ ಇಷ್ಟವಾದ ಕಥೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯಲ್ಲಿ ರಾಡ್ನಿ ಬ್ಯಾಗ್ಲಿ, ಇರ್ವಿನ್ ಲ್ಯಾಕ್‌ಮನ್, ರೊನಾಲ್ಡ್ ಲೂಯಿಸ್ ಎಂಬ ಮೂವರು ಕಾರ್ಡಿಯರೈಟ್ ಎಂಬ ಸೆರಾಮಿಕ್‌ನಿಂದ ನೂರಾರು ಸಣ್ಣ ಚೌಕ ಕೊಳವೆಗಳ ದಿಂಡು ಮಾಡಿದರು. ಕಾದು ಕೆಂಪಾದರೂ ಅದು ಹೆಚ್ಚು ಹಿಗ್ಗದು, ಸುಲಭಕ್ಕೆ ಬಿರಿಯದು. ಅದು ಮಾಡಿದ್ದು ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ. ಆ ದಶಕದ ಕೊನೆಗೆ ಅದೇ ಕಂಪನಿಯಲ್ಲಿ ಕೊಳವೆಗಳ ಬಾಯಿಯನ್ನು ಒಂದು ಬಿಟ್ಟು ಒಂದರಂತೆ ಮುಚ್ಚಿ ನೋಡಿದರು. ಒಳಬಂದ ಹೊಗೆಗೆ ಮುಂದೆ ದಾರಿಯಿಲ್ಲ. ರಂಧ್ರಮಯ ಗೋಡೆಯನ್ನೇ ಹಾದು ಪಕ್ಕದ ಕೊಳವೆಗೆ ಹೋಗಬೇಕು. ಮಸಿ ಗೋಡೆಯ ಮೇಲೆ ಉಳಿಯಿತು. ಇಂದಿನ ಡಿಪಿಎಫ್ ಅದೇ.

ಹಿಡಿದ ಮಸಿಯನ್ನು ಸುಡಬೇಕು. ತಾನಾಗಿ ಉರಿಯಲು ಸುಮಾರು 600 ಡಿಗ್ರಿ ಬೇಕು. 2000ದಲ್ಲಿ ಪ್ಯೂಜೋ 607 ಕಾರು ಡೀಸೆಲ್ಲಿಗೆ ಸೀರಿಯಂ ಬೆರೆಸಿ ಈ ಉಷ್ಣತೆಯನ್ನು ತಗ್ಗಿಸಿತು. ನಮ್ಮ ಕಾರುಗಳು ಸಾಮಾನ್ಯವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಹೊಗೆಯನ್ನು ಕಾಯಿಸುತ್ತವೆ. ಹತ್ತಿಪ್ಪತ್ತು ನಿಮಿಷದ ಈ ಕೆಲಸ ಮುಗಿಯುವ ಮೊದಲೇ ಕೀಲಿ ತಿರುಗಿಸಿದರೆ ಮಸಿ ಅಲ್ಲೇ ಉಳಿಯುತ್ತದೆ. ಪದೇ ಪದೇ ಹಾಗಾದರೆ ಉರಿಯದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಮೇಲಿನ ಗೆರೆ ದಾಟಿದ್ದು ಡೀಸೆಲ್ ವಾಸನೆ ಬಂದರೆ, ಮೊದಲು ಆಯಿಲ್ ಬದಲಿಸಿ.

ಆಮೇಲೆ ಸ್ಕ್ಯಾನರ್. ಎಂಜಿನ್ ಆಫ್ ಇಟ್ಟು ಕೀಲಿ ಆನ್ ಮಾಡಿದಾಗ ಫಿಲ್ಟರಿನ ಹಿಂದುಮುಂದಿನ ಒತ್ತಡದ ವ್ಯತ್ಯಾಸ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಸೆನ್ಸರ್ ಮೇಲೆಯೇ ಅನುಮಾನ ಪಡಿ. ಅದರ ರಬ್ಬರ್ ಪೈಪುಗಳು ಬಿರುಕು ಬಿಟ್ಟಿದ್ದರೂ ರೀಡಿಂಗ್ ತಪ್ಪುತ್ತದೆ. ಥರ್ಮೋಸ್ಟಾಟ್ ಕೆಟ್ಟು ಎಂಜಿನ್ ಬಿಸಿಯೇರದಿದ್ದರೆ ಸುಡುವ ಕೆಲಸ ಶುರುವೇ ಆಗದಿರಬಹುದು. ಇಂಜೆಕ್ಟರ್ ಸೋರಿದರೆ, ಟರ್ಬೊ ಪೈಪ್ ಹರಿದಿದ್ದರೆ, ಒಂದಿಷ್ಟು ಹೊಗೆಯನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ಅಂಟಿಕೊಂಡರೆ ಮಸಿ ವಿಪರೀತ ಹುಟ್ಟುತ್ತದೆ. ಇವನ್ನು ಬಿಟ್ಟು ಫಿಲ್ಟರನ್ನಷ್ಟೇ ತೊಳೆಸುವುದು ದುಡ್ಡು ದಂಡ.

ಇವೆಲ್ಲ ಸರಿಯಿದ್ದು ಮಸಿಯ ಪ್ರಮಾಣ ಕಂಪನಿ ಹೇಳಿದ ಮಿತಿಯೊಳಗಿದ್ದರೆ ಶ್ರೀರಂಗಪಟ್ಟಣದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಹತ್ತಿ, 2000 ಆರ್‌ಪಿಎಂ ಮೇಲಿರುವಂತೆ ಅರ್ಧ ಗಂಟೆ ಒಂದೇ ಸಮ ಓಡಿಸಿ. ಆದರೆ ಹಳ್ಳಿ ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ಹುರುಳಿ ಸೊಪ್ಪಿನ ಮೇಲೆ ಆ ಬಿಸಿ ಗಾಡಿಯನ್ನು ಹಾಯಿಸಬೇಡಿ. ತಳಕ್ಕೆ ಸುತ್ತಿಕೊಂಡರೆ ಬೆಂಕಿ ಹತ್ತುತ್ತದೆ. ಮಸಿ ಮಿತಿಮೀರಿದ್ದರೆ ಗ್ಯಾರೇಜಿನಲ್ಲಿ ಸ್ಕ್ಯಾನರ್ ಮೂಲಕ ಬಲವಂತವಾಗಿ ಮಸಿ ಸುಡಿಸುವ ರೀಜನರೇಷನ್ ಕೂಡ ಅಪಾಯ. ಎಲ್ಲ ಒಟ್ಟಿಗೆ ಹೊತ್ತಿಕೊಂಡು ಸೆರಾಮಿಕ್ ಸೀಳಬಹುದು. ಆಗ ಬಿಚ್ಚಿಸಿ ತೊಳೆಸುವುದೇ ದಾರಿ.

ಬೂದಿಯ ವಿಚಾರ ಬೇರೆ. ಮಂಡ್ಯದ ಕಡೆಯ ಆಲೆಮನೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಒಲೆಗೆ ಎಷ್ಟೇ ರಚ್ಚು ತುಂಬಿ ಉರಿ ಏರಿಸಿದರೂ ಅಡಿಯ ಬೂದಿ ಉರಿಯದು, ಅದನ್ನು ಗೋರಿಯೇ ತೆಗೆಯಬೇಕು. ಎಂಜಿನ್ ಆಯಿಲ್‌ನ ಕ್ಯಾಲ್ಸಿಯಂ, ಸತುವು ಡಿಪಿಎಫ್‌ನಲ್ಲಿ ಉಳಿಸುವುದು ಅಂಥದ್ದೇ ಬೂದಿ. ಲಕ್ಷ ಕಿಲೋಮೀಟರ್ ದಾಟಿದ ಗಾಡಿಯಲ್ಲಿ ಹೆದ್ದಾರಿ ಓಟವಾದ ಮೇಲೂ ಒತ್ತಡ ಇಳಿಯದಿದ್ದರೆ ಬೂದಿಯನ್ನೇ ಶಂಕಿಸಿ. ಕಾರಿನ ಕೈಪಿಡಿ ಹೇಳುವ ಕಡಿಮೆ ಬೂದಿಯ ಆಯಿಲ್ಲನ್ನೇ ಹಾಕಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೊಂದು ಪರೀಕ್ಷೆ. ತಣ್ಣಗಾದ ಸೈಲೆನ್ಸರ್ ಬಾಯೊಳಗೆ ಬೆರಳಾಡಿಸಿ. ದಟ್ಟ ಮಸಿ ಮೆತ್ತಿದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಹಿಂದಿನವರು ಕೀಳಿಸಿದ್ದಾರೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಕೀಳಿಸಿದ ಕಾರಿನ ಹಿಂದೆ ಬೈಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬರುವವರು ಅದನ್ನು ಉಸಿರಾಡುತ್ತಾರೆ. ಮೋಟಾರು ವಾಹನ ಕಾಯ್ದೆಯಲ್ಲೂ ಇಂಥ ಮಾರ್ಪಾಡಿಗೆ ದಂಡವಿದೆ.

ತೊಳೆಸಿದ ದಿನ ಒತ್ತಡದ ರೀಡಿಂಗ್ ಬರೆದಿಟ್ಟುಕೊಳ್ಳಿ. ಕೆಲವೇ ನೂರು ಕಿಲೋಮೀಟರಿನಲ್ಲಿ ಅದು ಮತ್ತೆ ಏರಿದರೆ ಫಿಲ್ಟರ್ ಬಿಟ್ಟು ಇಂಜೆಕ್ಟರ್ ಬಿಚ್ಚಿಸಿ.